ಹಳೆಯ ಜಾವಾ, ಯೆಜ್ಡಿಯ ಇಂಡಿಕೇಟರ್, ಬ್ರೇಕ್ ಲೈಟ್: ರಿಪೇರಿಯಾ, ಎಲ್‌ಇಡಿಯಾ, 12 ವೋಲ್ಟಾ?

ಬ್ರೇಕ್ ತುಳಿದರೆ ಹಿಂದೆ ಕೆಂಪು ಲೈಟ್ ಹತ್ತಬೇಕು, ಅಲ್ವಾ? ನನ್ನ ಯೆಜ್ಡಿಯಲ್ಲಿ ಸ್ಪೀಡೋಮೀಟರ್ ಒಳಗಿನ ಪುಟ್ಟ ಬಲ್ಬ್ ಹತ್ತುತ್ತಿತ್ತು. ಹಗಲು ಹೊತ್ತು, ಹೆಡ್‌ಲೈಟ್ ಆಫ್. ಪೆಡಲ್ ಮೇಲೆ ಕಾಲಿಟ್ಟರೆ ಮುಂದೆ ಮಂಕು ಹಳದಿ ಬೆಳಕು. ಕಾಲು ತೆಗೆದರೆ ಅದೂ ಇಲ್ಲ. ಹಿಂದಿನ ಲೈಟ್ ಮಾತ್ರ ಬೂದಿ ಮುಚ್ಚಿದ ಕೆಂಡದ ಹಾಗೆ ಸ್ವಲ್ಪ ಕೆಂಪಗಾಗಿ ಸುಮ್ಮನಾಗುತ್ತಿತ್ತು.

ಮೂವರಿಗೆ ತೋರಿಸಿದೆ. ಒಬ್ಬರು ವೈರಿಂಗ್ ಪೂರ್ತಿ ಹೋಗಿದೆ, ಹೊಸದು ಎಳೀಬೇಕು ಅಂದರು. ಇನ್ನೊಬ್ಬರು 12 ವೋಲ್ಟ್ ಮಾಡಿಬಿಡಿ, ತಲೆನೋವೇ ಇರಲ್ಲ ಅಂದರು. ಮೂರನೆಯವರು ಎಲ್‌ಇಡಿ ಬಲ್ಬ್ ಕೈಗೆ ಕೊಟ್ಟರು. ಕೊನೆಗೆ ಸರಿ ಮಾಡಿದ್ದು ಅಂಗೈ ಅಗಲದ ಎಮರಿ ಪೇಪರ್. ಹಿಂದಿನ ತಿಂಗಳಷ್ಟೇ ಮಡ್‌ಗಾರ್ಡ್‌ಗೆ ಬಣ್ಣ ಹೊಡೆಸಿದ್ದೆ. ಟೇಲ್ ಲ್ಯಾಂಪ್ ಕೂರುವ ಜಾಗದಲ್ಲೂ ದಪ್ಪಗೆ ಬಣ್ಣ ಕೂತಿತ್ತು. ಲ್ಯಾಂಪ್‌ಗೆ ಬಾಡಿ ಅರ್ಥ್, ಅಂದರೆ ಕರೆಂಟ್ ಬೈಕ್‌ನ ಲೋಹದ ಮೈ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಸಿಗುತ್ತಿರಲಿಲ್ಲ. ಬೋಲ್ಟ್ ತೂತಿನ ಸುತ್ತ ಒಂದು ರೂಪಾಯಿ ನಾಣ್ಯದಷ್ಟು ಜಾಗ ಉಜ್ಜಿ ಲೋಹ ಬಿಳಿಚುವಂತೆ ಮಾಡಿದೆ. ಹಿಂದೆ ನಿಂತಿದ್ದ ಮಗಳು "ಈಗ ಜೋರಾಗಿ ಹತ್ತಿತು ಅಪ್ಪ" ಅಂದಳು.

ಆ ಮೂವರು ಹೇಳಿದ್ದೂ ತಪ್ಪೇನಲ್ಲ. ಮೂರೂ ಒಳ್ಳೆಯ ದಾರಿಗಳೇ. ಆದರೆ ಯಾವ ಕಾಯಿಲೆಗೆ ಯಾವ ಮದ್ದು ಅನ್ನುವುದು ಮೊದಲು ಗೊತ್ತಾಗಬೇಕು. ಅರ್ಥಿಂಗ್ ಕೆಟ್ಟ ಬೈಕ್‌ಗೆ 12 ವೋಲ್ಟ್ ಹಾಕಿದರೆ, ಅರ್ಥಿಂಗ್ ಕೆಟ್ಟ 12 ವೋಲ್ಟ್ ಬೈಕ್ ಸಿಗುತ್ತದೆ. ಅದಕ್ಕೇ ಎಲ್ಲ ಆಯ್ಕೆಗಳನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

6 ವೋಲ್ಟ್‌ನ ಲೆಕ್ಕ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಬೈಕ್ ತಯಾರಾದವು. ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ಲೈಸೆನ್ಸ್ ಅದು. 1973ರಿಂದ ಯೆಜ್ಡಿ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಇವತ್ತು ಓಡುತ್ತಿರುವ ಹಳೆಯ ಜಾವಾ ಮತ್ತು ಬಹಳಷ್ಟು ಯೆಜ್ಡಿಗಳು 6 ವೋಲ್ಟ್‌ನವು. ಡೈನಮೊ ಕರೆಂಟ್ ಕೊಡುತ್ತದೆ, ರೆಗ್ಯುಲೇಟರ್ ಅದನ್ನು ಹದದಲ್ಲಿ ಇಡುತ್ತದೆ, ಬ್ಯಾಟರಿ ತುಂಬುತ್ತದೆ.

ಮೊದಮೊದಲ ಜಾವಾಗಳಿಗೆ ಇಂಡಿಕೇಟರ್ ಇರಲೇ ಇಲ್ಲ. ಕೈ ಚಾಚಿ ತಿರುಗುತ್ತಿದ್ದ ಕಾಲ. ಹಾಗಾಗಿ ಆ ಬೈಕ್‌ಗಳಲ್ಲಿ ನೀವು ನೋಡುವ ಇಂಡಿಕೇಟರ್ ಆಮೇಲೆ ಯಾರೋ ಹಾಕಿಸಿದ್ದು. ಒಂದೊಂದು ಊರಿನ ಎಲೆಕ್ಟ್ರಿಷಿಯನ್ ಒಂದೊಂದು ಥರ ವೈರ್ ಎಳೆದಿರುತ್ತಾರೆ. ಕಂಪನಿಯ ವೈರಿಂಗ್ ನಕ್ಷೆ ಹಿಡಿದು ಕೂತರೆ ನಿಮ್ಮ ಬೈಕ್‌ಗೆ ಹೊಂದದೇ ಇರಬಹುದು. ನಕ್ಷೆ ನಂಬುವ ಮುಂಚೆ ವೈರ್ ಹಿಡಿದು ಕೊನೆತನಕ ಹೋಗಿ ನೋಡಿ.

6 ವೋಲ್ಟ್‌ನ ಕಷ್ಟ ಎಲ್ಲಿ ಅಂದರೆ, ಅದೇ ಬೆಳಕಿಗೆ ಎರಡರಷ್ಟು ಕರೆಂಟ್ ಬೇಕು. 21 ವ್ಯಾಟ್ ಬಲ್ಬ್ 12 ವೋಲ್ಟ್‌ನಲ್ಲಿ 1.75 ಆಂಪಿಯರ್ ಎಳೆದರೆ 6 ವೋಲ್ಟ್‌ನಲ್ಲಿ 3.5 ಎಳೆಯುತ್ತದೆ. ಒಂದು ಕಡೆಯ ಎರಡು ಇಂಡಿಕೇಟರ್ ಸೇರಿದರೆ 7 ಆಂಪಿಯರ್. ದಾರಿಯಲ್ಲಿ ಎಲ್ಲೋ ಒಂದು ಕಡೆ ಕಿಲುಬು ಹಿಡಿದು 0.2 ಓಮ್ ತಡೆ ಇದೆ ಅಂದುಕೊಳ್ಳಿ. ಸುಮಾರು 1.4 ವೋಲ್ಟ್ ಅಲ್ಲೇ ಹೋಯಿತು. 6ರಲ್ಲಿ 1.4 ಅಂದರೆ ಹತ್ತಿರ ಹತ್ತಿರ ಕಾಲು ಭಾಗ. ಅದೇ ಕಿಲುಬು 12 ವೋಲ್ಟ್ ಬೈಕ್‌ನಲ್ಲಿದ್ದರೆ 0.7 ವೋಲ್ಟ್ ಮಾತ್ರ ಹೋಗುತ್ತದೆ, ನೂರಕ್ಕೆ ಆರು. ಫಿಲಮೆಂಟ್ ಬಲ್ಬ್‌ಗೆ ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಕಾಲು ಭಾಗ ಇಳಿದರೆ ಬೆಳಕು ಅರ್ಧಕ್ಕಿಂತ ಕಡಿಮೆ. "6 ವೋಲ್ಟ್ ಅಂದರೆ ಮಂಕು" ಅನ್ನುವ ಮಾತು ಹುಟ್ಟಿದ್ದು ಹೀಗೆ. ತಪ್ಪು 6 ವೋಲ್ಟ್‌ದಲ್ಲ, ಕಿಲುಬಿನದು.

ಆಯ್ಕೆಗೆ ಮುಂಚೆ ಹತ್ತು ನಿಮಿಷ

ಮೊದಲು ಬ್ಯಾಟರಿ. ಚೆನ್ನಾಗಿ ಚಾರ್ಜ್ ಆಗಿ ಸುಮ್ನೆ ನಿಂತ 6 ವೋಲ್ಟ್ ಬ್ಯಾಟರಿ 6.3ರ ಆಸುಪಾಸು ತೋರಿಸಬೇಕು. ಇಂಜಿನ್ ಚಾಲೂ ಮಾಡಿ ಸ್ವಲ್ಪ ರೇಸ್ ಕೊಟ್ಟಾಗ 7.2ರ ಹತ್ತಿರ ಏರಬೇಕು. ಏರದಿದ್ದರೆ ನಿಮ್ಮ ಕಾಯಿಲೆ ಇಂಡಿಕೇಟರ್‌ದಲ್ಲ, ಡೈನಮೊ ಅಥವಾ ರೆಗ್ಯುಲೇಟರ್‌ದು. 8 ದಾಟಿದರೆ ಬಲ್ಬ್ ಪದೇ ಪದೇ ಯಾಕೆ ಹೋಗುತ್ತಿದೆ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿತು.

ಆಮೇಲೆ ಒಂದು ಉದ್ದ ವೈರ್ ತಗೊಳ್ಳಿ. ಒಂದು ತುದಿ ಬ್ಯಾಟರಿಯ ಅರ್ಥ್ ಟರ್ಮಿನಲ್‌ಗೆ, ಇನ್ನೊಂದು ತುದಿ ಮಂಕಾದ ಲ್ಯಾಂಪ್‌ನ ಲೋಹದ ಭಾಗಕ್ಕೆ. ಬ್ರೇಕ್ ತುಳಿಯಿರಿ. ಬೆಳಕು ತಟ್ಟನೆ ಏರಿದರೆ ಅರ್ಥಿಂಗ್ ಕೆಟ್ಟಿದೆ, ಕಥೆ ಮುಗಿಯಿತು. ಏನೂ ಬದಲಾಗಲಿಲ್ಲ ಅಂದರೆ ಅದೇ ವೈರ್‌ನಿಂದ ಬ್ರೇಕ್ ಸ್ವಿಚ್‌ನ ಎರಡು ಟರ್ಮಿನಲ್ ಸೇರಿಸಿ. ಲೈಟ್ ಹತ್ತಿತು ಅಂದರೆ ಸ್ವಿಚ್ ಹೋಗಿದೆ. ಇಂಡಿಕೇಟರ್‌ಗೂ ಹೀಗೇ. ಇಂಡಿಕೇಟರ್ ಮಿನುಗಿಸುವ ಪುಟ್ಟ ಡಬ್ಬಿಯೇ ಫ್ಲಾಷರ್. ಅದಕ್ಕೆ ಕರೆಂಟ್ ಬರುವ ಪಿನ್ನು ಮತ್ತು ಹೋಗುವ ಪಿನ್ನು ಸೇರಿಸಿ, ಸ್ವಿಚ್ ಒಂದು ಕಡೆಗೆ ಒತ್ತಿ. ಬಲ್ಬ್ ಮಿನುಗದೆ ಸ್ಥಿರವಾಗಿ ಉರಿದರೆ ಫ್ಲಾಷರ್ ಬದಲಿಸಿ. ಉರಿಯಲೇ ಇಲ್ಲ ಅಂದರೆ ಫ್ಲಾಷರ್ ಮೇಲೆ ದುಡ್ಡು ಹಾಕಬೇಡಿ.

ಕೊನೆಗೆ ಇಂಡಿಕೇಟರ್ ಹಾಕಿಕೊಂಡೇ ಹ್ಯಾಂಡಲ್ ಅನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಒಂದು ಕಡೆ ತಿರುಗಿಸಿದಾಗ ಮಾತ್ರ ನಿಂತುಹೋದರೆ, ಹೆಡ್‌ಲೈಟ್ ಹತ್ತಿರ ಮಡಚಿ ಮಡಚಿ ವೈರ್ ಒಳಗೇ ಮುರಿದಿದೆ. ಮೇಲಿನ ಪ್ಲಾಸ್ಟಿಕ್ ಚೆನ್ನಾಗಿಯೇ ಕಾಣುತ್ತದೆ. ಒಳಗೆ ತಾಮ್ರದ ಒಂದೆರಡು ಎಳೆ ಮಾತ್ರ ಉಳಿದಿರುತ್ತವೆ.

ಈ ಕೆಲಸಕ್ಕೆ ಮಲ್ಟಿಮೀಟರಾ, ಟೆಸ್ಟ್ ಲ್ಯಾಂಪಾ? ಎರಡೂ ಇದ್ದರೆ ಒಳ್ಳೆಯದು, ಒಂದೇ ಅಂದರೆ ನಾನು ಟೆಸ್ಟ್ ಲ್ಯಾಂಪ್ ಅಂತೀನಿ. ಆ ಒಂದೆರಡು ಎಳೆಯ ವೈರ್ ಇದೆಯಲ್ಲ, ಅದರ ತುದಿಗೆ ಮೀಟರ್ ಇಟ್ಟರೆ ಪೂರ್ತಿ 6 ವೋಲ್ಟ್ ತೋರಿಸುತ್ತದೆ. ಮೀಟರ್ ಕರೆಂಟ್ ಎಳೆಯುವುದೇ ಇಲ್ಲವಲ್ಲ. ಹಳೆಯ ಹೋಲ್ಡರ್‌ಗೆ ವೈರ್ ಬೆಸೆದು 21 ವ್ಯಾಟ್ ಬಲ್ಬ್ ಹಾಕಿ ಮಾಡಿಕೊಂಡ ಟೆಸ್ಟ್ ಲ್ಯಾಂಪ್ ಹಾಗೆ ಮೋಸ ಹೋಗುವುದಿಲ್ಲ. ಅದಕ್ಕೆ 3.5 ಆಂಪಿಯರ್ ಬೇಕು. ವೈರ್ ಕೊಡಲಾಗದಿದ್ದರೆ ಬಲ್ಬ್ ಮಂಕಾಗಿ ನಿಜ ಹೇಳುತ್ತದೆ. ಮೀಟರ್ ಉಪಯೋಗಕ್ಕೆ ಬರುವುದು ಲೈಟ್ ಉರಿಯುತ್ತಿರುವಾಗ. ಒಂದು ಕಡ್ಡಿ ಬ್ಯಾಟರಿಯ ಅರ್ಥ್‌ಗೆ, ಇನ್ನೊಂದು ಲ್ಯಾಂಪ್‌ನ ಬಾಡಿಗೆ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ಉಜ್ಜುವ ಕೆಲಸ ಬಾಕಿ ಇದೆ.

ನನ್ನ ಸ್ಪೀಡೋಮೀಟರ್ ಬಲ್ಬ್ ಯಾಕೆ ಹತ್ತುತ್ತಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಗೊತ್ತಾದರೆ ಅರ್ಧ ಕಾಯಿಲೆ ಕಣ್ಣಿಗೇ ಕಾಣುತ್ತದೆ. ಹಿಂದಿನ ಬಲ್ಬ್‌ನಲ್ಲಿ ಎರಡು ಫಿಲಮೆಂಟ್. 5 ವ್ಯಾಟ್‌ನದು ಟೇಲ್ ಲೈಟ್, 21 ವ್ಯಾಟ್‌ನದು ಬ್ರೇಕ್ ಲೈಟ್. ಎರಡಕ್ಕೂ ಅರ್ಥ್ ಒಂದೇ, ಬಲ್ಬ್‌ನ ಹಿತ್ತಾಳೆ ಬುಡ. ಆ ಬುಡಕ್ಕೆ ಅರ್ಥ್ ಸಿಗದಿದ್ದರೆ ಬ್ರೇಕ್ ಫಿಲಮೆಂಟ್‌ಗೆ ಬಂದ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಟೇಲ್ ಫಿಲಮೆಂಟ್ ಮೂಲಕ ಹಿಂದಕ್ಕೆ ಹರಿದು, ಟೇಲ್ ವೈರ್ ಹಿಡಿದು ಮುಂದೆ ಬಂದು, ಅದೇ ವೈರ್‌ಗೆ ಸೇರಿದ ಸ್ಪೀಡೋಮೀಟರ್ ಬಲ್ಬ್ ಮೂಲಕ ಅರ್ಥ್ ಸೇರುತ್ತದೆ. ಬ್ರೇಕ್ ತುಳಿದಾಗ ಸಂಬಂಧವೇ ಇಲ್ಲದ ಲೈಟ್ ಹತ್ತಿದರೆ, ಇಂಡಿಕೇಟರ್ ಹಾಕಿದಾಗ ಟೇಲ್ ಲೈಟ್ ಕೂಡ ಮಿನುಗಿದರೆ, ಬೇರೇನೂ ಯೋಚಿಸದೆ ಅರ್ಥಿಂಗ್ ನೋಡಿ.

ಮೊದಲ ದಾರಿ: ಇದ್ದದ್ದನ್ನೇ ಸರಿ ಮಾಡುವುದು

ನನ್ನ ಮಟ್ಟಿಗೆ ಎಲ್ಲರೂ ಇಲ್ಲಿಂದಲೇ ಶುರು ಮಾಡಬೇಕು. ಖರ್ಚು ಬಹಳ ಕಡಿಮೆ, ಬೈಕ್‌ನ ಮೂಲ ರೂಪ ಹಾಗೇ ಉಳಿಯುತ್ತದೆ. ಒಂದು ಭಾನುವಾರ ಬೇಕು ಅಷ್ಟೇ.

ಹೋಲ್ಡರ್ ಬಿಚ್ಚಿ ನೋಡಿ. ಬಲ್ಬ್ ಬುಡದಲ್ಲಿ ಸೀಸದ ಬೊಟ್ಟು ಇರುತ್ತದೆ. ವರ್ಷಗಟ್ಟಲೆ ಅದುರಿ ಅದುರಿ ಅದು ಸವೆದು ಚಪ್ಪಟೆ ಆಗಿರುತ್ತದೆ. ಹೋಲ್ಡರ್ ಒಳಗಿನ ಸ್ಪ್ರಿಂಗ್ ಸೋತಿರುತ್ತದೆ. ಎರಡೂ ಒಂದಕ್ಕೊಂದು ತಾಗುತ್ತಿವೆ ಅನ್ನಿಸುತ್ತದೆ, ಆದರೆ ಗುಂಡಿ ಬಿದ್ದ ರಸ್ತೆಯಲ್ಲಿ ತಾಗುವುದಿಲ್ಲ. ಸ್ಪ್ರಿಂಗ್ ಸ್ವಲ್ಪ ಎಳೆಯಿರಿ, ಎಮರಿ ಪೇಪರ್‌ನಲ್ಲಿ ತಾಮ್ರ ಹೊಳೆಯುವ ತನಕ ಉಜ್ಜಿ, ಮೇಲೆ ತೆಳುವಾಗಿ ವ್ಯಾಸಲಿನ್ ಹಚ್ಚಿ. ಹಸಿರು ಕಿಲುಬು ಕಂಡ ಕಡೆಯೆಲ್ಲ ಇದೇ ಉಪಚಾರ.

ಟೇಲ್ ಬಲ್ಬ್ ಹಾಕುವಾಗ ಗಮನ ಇರಲಿ. ಅದರ ಬುಡದ ಬದಿಯ ಎರಡು ಪುಟ್ಟ ಕಡ್ಡಿಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ. ಒಂದೇ ರೀತಿಯಲ್ಲಿ ಕೂರಲಿ ಅಂತ ಹಾಗೆ ಮಾಡಿದ್ದಾರೆ. ಒತ್ತಾಯ ಮಾಡಿ ತಿರುಗಿಸಿ ಕೂರಿಸಿದರೆ ಟೇಲ್ ಲೈಟ್ ಜಾಗದಲ್ಲಿ 21 ವ್ಯಾಟ್ ಸದಾ ಉರಿಯುತ್ತದೆ, ಬ್ರೇಕ್ ಹಿಡಿದಾಗ ಬರೀ 5 ವ್ಯಾಟ್ ಸೇರುತ್ತದೆ. ಹಿಂದೆ ಬರುವವರಿಗೆ ನೀವು ನಿಲ್ಲಿಸುತ್ತಿದ್ದೀರಿ ಅಂತ ಗೊತ್ತೇ ಆಗುವುದಿಲ್ಲ.

ಅರ್ಥಿಂಗ್‌ಗೆ ನಾನು ಮಾಡಿಕೊಂಡ ಶಾಶ್ವತ ಪರಿಹಾರ ಒಂದಿದೆ. ಹಳೆಯ ವಿನ್ಯಾಸದಲ್ಲಿ ಬಾಡಿಯೇ ಅರ್ಥ್. ಟೇಲ್ ಲ್ಯಾಂಪ್‌ನಿಂದ ಮಡ್‌ಗಾರ್ಡ್, ಅಲ್ಲಿಂದ ಬೋಲ್ಟ್, ಅಲ್ಲಿಂದ ಚಾಸಿ. ಒಂದೊಂದು ಜೋಡಣೆಯಲ್ಲೂ ತುಕ್ಕು, ಬಣ್ಣ. ಪೌಡರ್ ಕೋಟಿಂಗ್ ಮಾಡಿಸಿದ ಬೈಕ್‌ಗಳಲ್ಲಂತೂ ಇದು ಜಾಸ್ತಿ. ಅದಕ್ಕೆ ಪ್ರತಿ ಲ್ಯಾಂಪ್‌ನಿಂದ ಒಂದು ಕಪ್ಪು ವೈರ್ ತೆಗೆದು, ಎಲ್ಲವನ್ನೂ ಬ್ಯಾಟರಿ ಪಕ್ಕದ ಒಂದೇ ಬೋಲ್ಟ್‌ಗೆ ತಂದು ಕಟ್ಟಿದೆ. ಹೊರಗಿಂದ ಒಂದಿಷ್ಟೂ ಕಾಣುವುದಿಲ್ಲ. ರಬ್ಬರ್ ಕಾಂಡದ ಇಂಡಿಕೇಟರ್ ಇರುವವರಿಗೆ ಇದು ಬೇಕೇ ಬೇಕು. ರಬ್ಬರ್ ಮೂಲಕ ಅರ್ಥ್ ಹೋಗುವುದಿಲ್ಲವಲ್ಲ.

ಈ ದಾರಿ ಯಾರಿಗೆ ಸಾಲದು? ವೈರ್ ಮೇಲಿನ ಪ್ಲಾಸ್ಟಿಕ್ ಬಿಸ್ಕೆಟ್ ಥರ ಪುಡಿಯಾಗುತ್ತಿದ್ದರೆ, ಪ್ರತಿ ಗೇಣಿಗೊಂದು ಟೇಪ್ ಸುತ್ತಿದ ಜಾಯಿಂಟ್ ಇದ್ದರೆ, ಉಜ್ಜಿ ಪ್ರಯೋಜನ ಇಲ್ಲ.

ಎರಡನೆಯದು: ಹೊಸ ವೈರಿಂಗ್

ಅಂಗಡಿಯಲ್ಲಿ ರೆಡಿ ವೈರಿಂಗ್ ಸೆಟ್ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರೋಡ್ ಕಡೆ ಹುಡುಕಿದರೆ ಹಳೆಯ ಬೈಕ್‌ಗಳದ್ದೂ ಸಿಗಬಹುದು. ಇಲ್ಲವೇ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ಕೂತು ಎಳೆಸಬೇಕು.

ರೆಡಿ ಸೆಟ್‌ನಲ್ಲಿ ಬಣ್ಣಗಳು ನಕ್ಷೆಗೆ ಹೊಂದುತ್ತವೆ, ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ. ಆದರೆ ತಗೊಳ್ಳುವ ಮುಂಚೆ ಒಂದು ತುದಿ ಸುಲಿಸಿ ತಾಮ್ರ ನೋಡಿ. 6 ವೋಲ್ಟ್ ಬೈಕ್‌ಗೆ ಕೂದಲೆಳೆಯ ವೈರ್ ಸಾಲದು. ಈಗಷ್ಟೇ ಲೆಕ್ಕ ನೋಡಿದೆವು, ಇಲ್ಲಿ ಹರಿಯುವುದು ಎರಡರಷ್ಟು ಕರೆಂಟ್. ಇಂಡಿಕೇಟರ್, ಬ್ರೇಕ್ ಲೈಟ್‌ಗೆ 1 ಚದರ ಮಿಲಿಮೀಟರ್‌ಗಿಂತ ತೆಳ್ಳಗಿರುವುದು ಬೇಡ. ಬ್ಯಾಟರಿಯಿಂದ ಸ್ವಿಚ್‌ಗೆ ಬರುವುದು, ಅರ್ಥ್ ವೈರ್ ಇನ್ನೂ ದಪ್ಪ ಇರಲಿ. ಕೈಯಿಂದ ಎಳೆಸಿದರೆ ಈ ದಪ್ಪ ನಮ್ಮ ಕೈಯಲ್ಲಿ ಇರುತ್ತದೆ, ಇಂಡಿಕೇಟರ್‌ನ ವೈರ್‌ಗಳನ್ನೂ ಒಳಗೇ ಸೇರಿಸಿ ನೀಟಾಗಿ ತರಬಹುದು. ನಾನು ಎಳೆಸುವುದನ್ನೇ ಮೆಚ್ಚುತ್ತೇನೆ. ಆದರೆ ಎಲ್ಲ ವೈರ್‌ಗೂ ಒಂದೇ ಬಣ್ಣ ಹಾಕುವವರ ಕೈಗೆ ಕೊಡಬೇಡಿ. ಐದು ವರ್ಷ ಆದಮೇಲೆ ರಾತ್ರಿ ರಸ್ತೆ ಪಕ್ಕದಲ್ಲಿ ಟಾರ್ಚ್ ಹಿಡಿದು ಹುಡುಕುವವರು ನೀವು.

ಜಾವಾ ಸ್ವಿಚ್‌ಬಾಕ್ಸ್‌ನಲ್ಲಿ ಟರ್ಮಿನಲ್‌ಗಳಿಗೆ ಸಂಖ್ಯೆ ಇರುತ್ತವೆ. ಇವು ಯುರೋಪಿನ ಪದ್ಧತಿಯವು. 30 ಅಂದರೆ ಬ್ಯಾಟರಿಯಿಂದ ಬರುವುದು, 31 ಅರ್ಥ್, 54 ಬ್ರೇಕ್ ಲೈಟ್, 58 ಟೇಲ್ ಲೈಟ್. 15 ಮತ್ತು 54 ಒಟ್ಟಿಗೆ ಬರೆದಿದ್ದರೆ ಕೀ ಹಾಕಿದಾಗ ಕರೆಂಟ್ ಬರುವ ಜಾಗ ಅದು. ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ.

ಫ್ಲಾಷರ್: ಹಳೆಯ ಬಿಸಿ ಫ್ಲಾಷರಾ, ಎಲೆಕ್ಟ್ರಾನಿಕ್ಕಾ?

ಹಳೆಯ ಫ್ಲಾಷರ್ ಕೆಲಸ ಮಾಡುವುದು ಬಿಸಿಯಿಂದ. ಬಲ್ಬ್‌ಗೆ ಹೋಗುವ ಕರೆಂಟೇ ಒಳಗಿನ ಲೋಹದ ಪಟ್ಟಿಯನ್ನು ಬಿಸಿ ಮಾಡುತ್ತದೆ. ಪಟ್ಟಿ ಬಾಗಿ ಸಂಪರ್ಕ ಬಿಡುತ್ತದೆ, ತಣ್ಣಗಾಗಿ ಮತ್ತೆ ಸೇರುತ್ತದೆ. ಹಾಗಾಗಿ ಅದು ಎಷ್ಟು ಬೇಗ ಮಿನುಗುತ್ತದೆ ಅನ್ನುವುದು ಬಲ್ಬ್ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಬ್ಯಾಟರಿ ಸೋತರೆ ನಿಧಾನ. ಒಂದು ಬಲ್ಬ್ ಹೋದರೆ ಇನ್ನೊಂದು ಮಿನುಗದೆ ಉರಿಯುತ್ತಾ ನಿಲ್ಲುತ್ತದೆ. ಇದು ದೋಷವೂ ಹೌದು, ಗುಣವೂ ಹೌದು. ಹಿಂದಿನ ಬಲ್ಬ್ ಹೋಗಿದೆ ಅಂತ ಕೂತಲ್ಲೇ ಗೊತ್ತಾಗುತ್ತದೆ. ಎಡಗಡೆ ಸರಿ, ಬಲಗಡೆ ನಿಧಾನ ಅಂದರೆ ಫ್ಲಾಷರ್ ಚೆನ್ನಾಗಿದೆ, ಬಲಗಡೆಯ ಬಲ್ಬಿನ ವ್ಯಾಟ್ ಬೇರೆ ಅಥವಾ ಆ ಕಡೆಯ ಅರ್ಥಿಂಗ್ ಸಡಿಲ.

ಎಲೆಕ್ಟ್ರಾನಿಕ್ ಫ್ಲಾಷರ್ ಬಲ್ಬ್ ಯಾವುದಿದ್ದರೂ ಒಂದೇ ತಾಳದಲ್ಲಿ ಮಿನುಗುತ್ತದೆ. ನಿಮಿಷಕ್ಕೆ 60ರಿಂದ 120 ಸಲ ಮಿನುಗಿದರೆ ಸರಿಯಾದ ಲೆಕ್ಕ. ಮೂರು ಪಿನ್ನಿನದನ್ನೇ ತಗೊಳ್ಳಿ. ಒಂದಕ್ಕೆ ಕರೆಂಟ್, ಒಂದು ಸ್ವಿಚ್‌ಗೆ, ಮೂರನೆಯದು ಅರ್ಥ್‌ಗೆ. ಅರ್ಥ್ ಪಿನ್ನು ಇರುವುದರಿಂದ ಬಲ್ಬ್ ಎಳೆಯುವ ಕರೆಂಟ್‌ನ ಹಂಗು ಅದಕ್ಕಿಲ್ಲ. ಮೈಮೇಲೆ 6 ವೋಲ್ಟ್ ಅಂತ ಅಚ್ಚಾಗಿದೆಯಾ ನೋಡಿ. ಎರಡೂ ಒಂದೇ ಸಾರ್ ಅಂತ 12 ವೋಲ್ಟ್‌ನದು ಕೊಟ್ಟರೆ ವಾಪಸ್ ಕೊಡಿ.

ಫಿಲಮೆಂಟ್ ಬಲ್ಬ್ ಉಳಿಸಿಕೊಳ್ಳುವವರಿಗೆ ಒಳ್ಳೆಯ ಹಳೆಯ ಫ್ಲಾಷರ್ ಸಾಕು. ಎಲ್‌ಇಡಿ ಹಾಕುವವರಿಗೆ ಎಲೆಕ್ಟ್ರಾನಿಕ್ ಬಿಟ್ಟರೆ ದಾರಿ ಇಲ್ಲ, ಏಕೆಂದರೆ ಎಲ್‌ಇಡಿ ಎಳೆಯುವ ಕರೆಂಟ್‌ಗೆ ಆ ಪಟ್ಟಿ ಬಿಸಿಯೇ ಆಗುವುದಿಲ್ಲ.

ಮೂರನೆಯದು: 6 ವೋಲ್ಟ್‌ನಲ್ಲೇ ಎಲ್‌ಇಡಿ

ಹಳೆಯ ಜಾವಾ 250ರ ಡೈನಮೊ 45 ವ್ಯಾಟ್‌ನದು. ರಾತ್ರಿ ಸಿಗ್ನಲ್‌ನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಹೆಡ್‌ಲೈಟ್ 25, ಟೇಲ್ 5, ಕಾಲು ಬ್ರೇಕ್ ಮೇಲೆ ಇದೆ 21, ಇಂಡಿಕೇಟರ್ ಬೇರೆ ಮಿನುಗುತ್ತಿದೆ. 45 ದಾಟಿಹೋಯಿತು. ಐಡಲ್‌ನಲ್ಲಿ ಡೈನಮೊ ಆ 45ನ್ನೂ ಕೊಡುವುದಿಲ್ಲ. ಎಲ್ಲ ಭಾರ ಬ್ಯಾಟರಿ ಮೇಲೆ. ಇಂಜಿನ್‌ಗೆ ಕಿಡಿ ಕೊಡುವ ಇಗ್ನಿಷನ್ ಕೂಡ ಈ ಬೈಕ್‌ಗಳಲ್ಲಿ ಅದೇ ಬ್ಯಾಟರಿ ನಂಬಿಕೊಂಡಿದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಪ್ರತಿ ಸಿಗ್ನಲ್‌ಗೂ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ. ಬ್ರೇಕ್ ಲೈಟ್ 21ರಿಂದ ಎರಡು ಮೂರು ವ್ಯಾಟ್‌ಗೆ ಇಳಿದರೆ ಅದು ದೊಡ್ಡ ಉಳಿತಾಯ. ಊರೊಳಗೇ ಜಾಸ್ತಿ ಓಡಿಸುವವರಿಗೆ ನಾನು ಹೇಳುವುದು ಇದನ್ನೇ.

ಆದರೆ ಆರಿಸುವುದರಲ್ಲಿ ಎಚ್ಚರ ಬೇಕು. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕಿದರೆ ಅದರ ಬೆಳಕಿನ ಬಹುಪಾಲು ಗಾಜೇ ತಿಂದುಹಾಕುತ್ತದೆ. ಕೆಂಪು ಎಲ್‌ಇಡಿ ಹಾಕಿದರೆ ಬೆಳಕು ಚೆನ್ನಾಗಿ ಹೊರಬರುತ್ತದೆ. ಆದರೆ ಟೇಲ್ ಲ್ಯಾಂಪ್‌ನ ಕೆಳಗಿನ ಬಿಳಿ ಗಾಜಿನಿಂದ ನಂಬರ್ ಪ್ಲೇಟ್‌ಗೂ ಬೆಳಕು ಬೀಳುವಂಥ ಲ್ಯಾಂಪ್ ಆದರೆ ಪ್ಲೇಟ್ ಕೆಂಪಗೆ ಕಾಣುತ್ತದೆ. ಅಂಥದಕ್ಕೆ ಕೆಳಗೆ ಬಿಳಿ, ಹಿಂದಕ್ಕೆ ಕೆಂಪು ಇರುವ ಬಲ್ಬ್ ಹುಡುಕಿ, ಸಿಗದಿದ್ದರೆ ಫಿಲಮೆಂಟೇ ಇರಲಿ. ಮೊಂಡು ತುದಿಯಲ್ಲಿ ಮಾತ್ರ ಚಿಪ್ ಇರುವ ಬಲ್ಬ್ ಬೇಡ. ಹಳೆಯ ಲ್ಯಾಂಪ್‌ನ ಪ್ರತಿಫಲಕ ಸುತ್ತಲೂ ಬೆಳಗುವ ಫಿಲಮೆಂಟ್‌ಗೆ ಮಾಡಿದ್ದು, ಬದಿಗಳಲ್ಲೂ ಚಿಪ್ ಇರಬೇಕು. ಎಲ್ಲಕ್ಕಿಂತ ಮುಖ್ಯ, ಟೇಲ್‌ಗೂ ಬ್ರೇಕ್‌ಗೂ ಎದ್ದು ಕಾಣುವ ವ್ಯತ್ಯಾಸ. ಎಷ್ಟೋ ಅಗ್ಗದ ಎಲ್‌ಇಡಿಗಳಲ್ಲಿ ಟೇಲ್ ಲೈಟೇ ಜೋರಾಗಿ ಉರಿಯುತ್ತದೆ, ಬ್ರೇಕ್ ಹಿಡಿದಾಗ ಸ್ವಲ್ಪವೇ ಏರುತ್ತದೆ. ನೋಡಲು ಚೆಂದ, ಬ್ರೇಕ್ ಲೈಟ್ ಆಗಿ ಕೆಲಸಕ್ಕೆ ಬಾರದು.

ಎಲ್‌ಇಡಿ ಹಾಕಿದ ಮೇಲೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿದರೆ ಗಾಬರಿ ಬೇಡ. ಇಂಡಿಕೇಟರ್ ಹಾಕಿದೆ ಅಂತ ಸವಾರನಿಗೆ ತೋರಿಸುವ ಪುಟ್ಟ ಪೈಲಟ್ ಬಲ್ಬ್ ಎಡಬಲ ಎರಡಕ್ಕೂ ಸೇರಿ ಒಂದೇ ಇರುವ ಬೈಕ್‌ಗಳಲ್ಲಿ ಇದು ಆಗಿಯೇ ಆಗುತ್ತದೆ. ಆ ಪೈಲಟ್ ಬಲ್ಬ್‌ನ ಒಂದು ವೈರ್ ಎಡಕ್ಕೆ, ಒಂದು ಬಲಕ್ಕೆ. ಎಡ ಹಾಕಿದಾಗ ಕರೆಂಟ್ ಪೈಲಟ್ ದಾಟಿ ಬಲಕ್ಕೂ ಹೋಗುತ್ತದೆ. ಫಿಲಮೆಂಟ್ ಬಲ್ಬ್‌ಗಳಿಗೆ ಅಷ್ಟು ಕರೆಂಟ್ ಯಾವ ಲೆಕ್ಕಕ್ಕೂ ಇಲ್ಲ, ಎಲ್‌ಇಡಿಗೆ ಅದೇ ಸಾಕು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡ್ ಎರಡು ತನ್ನಿ, ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತವೆ. ಎಡದ ವೈರ್‌ಗೆ ಒಂದು, ಬಲದ ವೈರ್‌ಗೆ ಒಂದು ಹಾಕಿ. ಡಯೋಡ್‌ನ ಗೆರೆ ಇರುವ ತುದಿಗಳನ್ನು ಸೇರಿಸಿ ಪೈಲಟ್‌ನ ಒಂದು ಕಡೆಗೆ ಕೊಡಿ, ಪೈಲಟ್‌ನ ಇನ್ನೊಂದು ಕಡೆ ಅರ್ಥ್‌ಗೆ. ಇದು ನೆಗೆಟಿವ್ ಅರ್ಥ್ ಬೈಕ್‌ಗೆ ಹೇಳಿದ್ದು. ಕೆಲವು ಹಳೆಯ ಬ್ರಿಟಿಷ್ ಬೈಕ್‌ಗಳಲ್ಲಿ ಪಾಸಿಟಿವ್ ಚಾಸಿಗೆ ಸೇರಿರುತ್ತದೆ. ಎಲ್‌ಇಡಿ ಕೊಳ್ಳುವ ಮುಂಚೆ ಬ್ಯಾಟರಿಯ ಯಾವ ಟರ್ಮಿನಲ್ ಬಾಡಿಗೆ ಹೋಗಿದೆ ನೋಡಿಕೊಳ್ಳಿ.

ನಾಲ್ಕನೆಯದು: 12 ವೋಲ್ಟ್

ಇದರಲ್ಲೂ ಎರಡು ಬಗೆ. ಹಳೆಯ ಡೈನಮೊವನ್ನೇ ಇಟ್ಟುಕೊಂಡು 12 ವೋಲ್ಟ್‌ನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕುವುದು ಒಂದು. ಖರ್ಚು ಕಡಿಮೆ. ಆದರೆ ಚಾರ್ಜ್ ಶುರುವಾಗಲು ಜಾಸ್ತಿ ರೇಸ್ ಬೇಕು. ಹೈವೇಯಲ್ಲಿ ಓಡಿಸುವವರಿಗೆ ಪರವಾಗಿಲ್ಲ, ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವವರಿಗೆ ಒಗ್ಗದು. ಇನ್ನೊಂದು, ಡೈನಮೊ ತೆಗೆದು ಇಗ್ನಿಷನ್ ಸಮೇತ ಹೊಸ ಆಲ್ಟರ್ನೇಟರ್ ಕೂರಿಸುವುದು. ಚೆಕ್ ದೇಶದ ವೇಪ್ ಕಂಪನಿಯ ಕಿಟ್‌ಗಳು ಜಾವಾ ಪ್ರಿಯರಲ್ಲಿ ಹೆಸರುವಾಸಿ. ದುಬಾರಿ, ಆದರೆ ಹಳೆಯ ಇಗ್ನಿಷನ್‌ನಲ್ಲಿ ಕಿಡಿ ಹೊಡೆಸುವ ಪಾಯಿಂಟ್ ಹೊಂದಿಸುವ ಕೆಲಸವೂ ತಪ್ಪುತ್ತದೆ, ಬೆಳಕಿಗೆ ಬೇಕಾದಷ್ಟು ಕರೆಂಟ್ ಸಿಗುತ್ತದೆ.

ಯಾವುದಾದರೂ ಸರಿ, ಬ್ಯಾಟರಿ, ಎಲ್ಲ ಬಲ್ಬ್, ಫ್ಲಾಷರ್, ಹಾರ್ನ್ ಎಲ್ಲ 12ಕ್ಕೆ ಬದಲಾಗಬೇಕು. ಡೈನಮೊ ಇಟ್ಟುಕೊಂಡರೆ ಇಗ್ನಿಷನ್ ಕಾಯಿಲ್ ಕೂಡ. ಮಿಕ್ಕ ಒಂದು ಬಲ್ಬ್ ಮರೆತರೂ ಕೀ ತಿರುಗಿಸಿದ ಕ್ಷಣ ಸುಟ್ಟುಹೋಗುತ್ತದೆ. ತೆಗೆದ ಹಳೆಯ ಸಾಮಾನು ಒಂದನ್ನೂ ಗುಜರಿಗೆ ಹಾಕಬೇಡಿ, ಡಬ್ಬಿಯಲ್ಲಿ ಹೆಸರು ಬರೆದು ಇಡಿ. ದಿನವೂ ಕೆಲಸಕ್ಕೆ ಇದೇ ಬೈಕ್, ರಾತ್ರಿ ಪ್ರಯಾಣ ಜಾಸ್ತಿ ಅನ್ನುವವರಿಗೆ 12 ವೋಲ್ಟ್ ಸರಿಯಾದ ಆಯ್ಕೆ. ಭಾನುವಾರ ಮಾತ್ರ ಹೊರಗೆ ತೆಗೆಯುವವರಿಗೆ ಅಗತ್ಯವೇ ಇಲ್ಲ.

ವಿಂಟೇಜ್ ನೋಂದಣಿ ಯೋಚನೆ ಇರುವವರು ಕೇಳುತ್ತಾರೆ, 12 ವೋಲ್ಟ್ ಮಾಡಿದರೆ ತೊಂದರೆಯಾ ಅಂತ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನ ವಿಂಟೇಜ್. ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು. ನಂಬರ್‌ನಲ್ಲಿ "ವಿಎ" ಅಕ್ಷರಗಳು ಬರುತ್ತವೆ. ಲೈಟ್‌ನ ವೈರಿಂಗ್ ಆ ಪಟ್ಟಿಯಲ್ಲಿ ಹೆಸರಿಸಿಲ್ಲ. ಆದರೂ ನನಗೆ ಕೇಳಿದರೆ, ಅಂಥ ಬೈಕ್‌ನಲ್ಲಿ ಹಿಂದಕ್ಕೆ ಮರಳಿಸಲಾಗದ ಕೆಲಸ ಯಾವುದನ್ನೂ ಮಾಡಬೇಡಿ. ಹೊಸ ತೂತು ಕೊರೆಯುವುದಂತೂ ಬೇಡವೇ ಬೇಡ.

ಬ್ರೇಕ್ ಸ್ವಿಚ್

ಇದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ನನಗೆ ಇದೇ ದೊಡ್ಡದು. ಹಳೆಯ ಬೈಕ್‌ಗಳಲ್ಲಿ ಬ್ರೇಕ್ ಲೈಟ್ ಹಿಂದಿನ ಬ್ರೇಕ್‌ಗೆ ಮಾತ್ರ. ಮುಂದಿನ ಲಿವರ್ ಹಿಡಿದರೆ ಹಿಂದೆ ಏನೂ ಹತ್ತುವುದಿಲ್ಲ. ಪೆಡಲ್ ಹತ್ತಿರದ ಸ್ವಿಚ್ ಮೇಲೆ ಕೆಸರು, ಚೈನ್ ಎಣ್ಣೆ, ನೀರು ಎಲ್ಲ ಬೀಳುತ್ತವೆ.

ಮೂಲ ಸ್ವಿಚ್ ಬಿಚ್ಚಿ ತೊಳೆದು, ತಾಗುವ ಜಾಗ ಉಜ್ಜಿದರೆ ಹಲವು ಸಲ ಸರಿ ಹೋಗುತ್ತದೆ. ಹೋಗದಿದ್ದರೆ ಸ್ಪ್ರಿಂಗ್ ಎಳೆಯುವ ಸಾಧಾರಣ ಸ್ವಿಚ್ ಹಾಕಿಸಿ. ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ನಟ್ ತಿರುಗಿಸಿ ಎತ್ತರ ಹೊಂದಿಸಬಹುದು. ಬ್ರೇಕ್ ಲೈನರ್ ಡ್ರಮ್‌ಗೆ ತಾಗುವ ಮುಂಚೆಯೇ, ಪೆಡಲ್‌ನ ಸಡಿಲ ಕಳೆಯುವಾಗಲೇ ಲೈಟ್ ಹತ್ತುವ ಹಾಗೆ ಹೊಂದಿಸಿ. ಬ್ರೇಕ್ ಟೈಟ್ ಮಾಡಿಸಿದಾಗಲೆಲ್ಲ ಇದನ್ನೂ ಮತ್ತೆ ನೋಡಬೇಕು.

ಮುಂದಿನ ಬ್ರೇಕ್‌ಗೂ ಒಂದು ಸ್ವಿಚ್ ಸೇರಿಸಿ ಅಂತ ಕೈಮುಗಿದು ಹೇಳುತ್ತೇನೆ. ಕೇಬಲ್ ಮಧ್ಯೆ ಕೂರುವ ಸ್ವಿಚ್ ಇರುವ ಬ್ರೇಕ್ ಕೇಬಲ್ ಬೇರೆ ಬೈಕ್‌ಗಳಿಗೆ ಬರುತ್ತದೆ, ಅಳತೆ ಹೊಂದಿದರೆ ಅದನ್ನೇ ಹಾಕಬಹುದು. ಇಲ್ಲವೇ ಸ್ವಿಚ್ ಇರುವ ಲಿವರ್ ಸೆಟ್. ಎರಡು ವೈರ್, ಹಿಂದಿನ ಸ್ವಿಚ್‌ಗೆ ಸಮಾನಾಂತರವಾಗಿ ಸೇರಿಸಿದರೆ ಆಯಿತು. ಮೂಲ ರೂಪ ಸ್ವಲ್ಪ ಬದಲಾಗುತ್ತದೆ ನಿಜ. ಆದರೆ ಈ ಬೈಕ್‌ಗಳು ತಯಾರಾದಾಗ ಹಿಂದೆ ಬರುತ್ತಿದ್ದದ್ದು ಸೈಕಲ್, ಜಟಕಾ, ಅಪರೂಪಕ್ಕೊಂದು ಬಸ್ಸು. ಈಗ ಹಿಂದೆ ಬರುವ ಕಾರಿನ ಬ್ರೇಕ್ ನಮ್ಮ ಡ್ರಮ್ ಬ್ರೇಕ್‌ಗಿಂತ ಚೆನ್ನಾಗಿದೆ, ಆದರೆ ಅವರಿಗೆ ಮೊದಲು ನಾವು ಕಾಣಬೇಕಲ್ಲ.

ನನ್ನ ಬೈಕ್‌ನಲ್ಲಿ ಈಗ

6 ವೋಲ್ಟ್ ಹಾಗೇ ಇದೆ. ವೈರಿಂಗ್ ಕೈಯಿಂದ ಎಳೆಸಿದ್ದು, ಪ್ರತಿ ಲ್ಯಾಂಪ್‌ಗೂ ಬೇರೆ ಅರ್ಥ್ ವೈರ್. ಇಂಡಿಕೇಟರ್‌ಗೆ ಎಲ್‌ಇಡಿ, ಮೂರು ಪಿನ್ನಿನ ಫ್ಲಾಷರ್, ಎರಡು ಡಯೋಡ್. ಹಿಂದೆ ಮಾತ್ರ ಫಿಲಮೆಂಟ್ ಬಲ್ಬನ್ನೇ ಇಟ್ಟಿದ್ದೇನೆ, ಏಕೆಂದರೆ ಎರಡು ಬಗೆಯ ಎಲ್‌ಇಡಿ ತಂದು ಹಾಕಿ ನೋಡಿದೆ, ಎರಡರಲ್ಲೂ ಟೇಲ್‌ಗೂ ಬ್ರೇಕ್‌ಗೂ ಫಿಲಮೆಂಟ್‌ನಷ್ಟು ವ್ಯತ್ಯಾಸ ಬರಲಿಲ್ಲ. ಮುಂದಿನ ಬ್ರೇಕ್‌ಗೆ ಸ್ವಿಚ್ ಬಂದಿದೆ.

ನೀವು ಯಾವುದನ್ನೇ ಆರಿಸಿ, ಕೆಲಸ ಮುಗಿದ ಮೇಲೆ ಮಟಮಟ ಮಧ್ಯಾಹ್ನ ಬೈಕನ್ನು ಬಿಸಿಲಲ್ಲಿ ನಿಲ್ಲಿಸಿ. ಮನೆಯವರಲ್ಲಿ ಯಾರನ್ನಾದರೂ ಮೂವತ್ತು ಹೆಜ್ಜೆ ಹಿಂದೆ ನಿಲ್ಲಿಸಿ. ಹೆಡ್‌ಲೈಟ್ ಆನ್ ಮಾಡಿ ಬ್ರೇಕ್ ಹಿಡಿಯಿರಿ, ಬಿಡಿ, ಇಂಡಿಕೇಟರ್ ಹಾಕಿಕೊಂಡು ಮತ್ತೆ ಹಿಡಿಯಿರಿ. ಯಾವಾಗ ಹಿಡಿದಿರಿ, ಯಾವಾಗ ಬಿಟ್ಟಿರಿ ಅಂತ ಅವರು ಕೂಗಿ ಹೇಳಲಿ. ಒಂದು ಸಲ ತಪ್ಪಿದರೂ ಮತ್ತೆ ಹೋಲ್ಡರ್ ಬಿಚ್ಚಿ.